ಹೆಸರು ಹೇಳುವ ಸರದಿ

"ವಸುಧಾ, ಈ ಸ್ಕ್ರಿಪ್ಟೆಡ್ ಅಂದ್ರ ಏನು?"

ಇಂದೂಬಾಯಿ ಕೇಳಿದಾಗ ವಸುಧಾ ಊಟದ ಮೇಜಿನ ಮೇಲೆ ಹತ್ತನೆಯ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದಳು. ಇಂದೂಬಾಯಿ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರು. ಕೈ ಒದ್ದೆಯಾಗಿದ್ದರಿಂದ ವಸುಧಾಳ ಮಗಳು ವೃಂದಾಳ ಮೊಬೈಲನ್ನು ಸೆರಗಿನ ತುದಿಯಲ್ಲಿ ಹಿಡಿದಿದ್ದರು.

"ಎಲ್ಲಿ ಓದಿದ್ರಿ ವೈನಿ?"

"ಇಲ್ಲೇ, ನಿನ್ನ ವಿಡಿಯೋದ ಕೆಳಗ. ಯಾರೋ ಮಾಲಾ ಅಂತ. ಚೆಂದ ಅದ, ಆದ್ರ ಪಕ್ಕಾ ಸ್ಕ್ರಿಪ್ಟೆಡ್ ಅಂತ ಬರದಾರ."

ಆ ಸಾಲು ವಸುಧಾಗೆ ಹೊಸದಲ್ಲ. ಹನ್ನೊಂದು ದಿನಗಳಿಂದ ಅದನ್ನು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದಳು. ನಲವತ್ತು ಸಾವಿರ ಜನ ನೋಡಿದ ವಿಡಿಯೋ, ಆರುನೂರಕ್ಕೂ ಹೆಚ್ಚು ಮೆಚ್ಚುಗೆಯ ಮಾತು. ಕಣ್ಣು ಮಾತ್ರ ಆ ಒಂದರ ಮೇಲೇ ಹೋಗುತ್ತಿತ್ತು.

ಶಬ್ದದ ಅರ್ಥ ಕೇಳಿದರೆ ಹೇಳುವುದು ಅವಳ ಕಸುಬು. ಇಂಡಿ ಪಟ್ಟಣದ ಹೈಸ್ಕೂಲೊಂದರಲ್ಲಿ ಇಪ್ಪತ್ತೊಂದು ವರ್ಷದಿಂದ ಹೇಳುತ್ತ ಬಂದಿದ್ದಾಳೆ. ಕೆಂಪು ಪೆನ್ನಿನ ಟೋಪಿ ಹಾಕಿ, ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದಳು. ಸ್ಕ್ರಿಪ್ಟ್ ಅಂದರೆ ಮೊದಲೇ ಬರೆದಿಟ್ಟ ಮಾತು. ನೋಡಿಕೊಂಡೋ ಬಾಯಿಪಾಠ ಮಾಡಿಯೋ ಅದನ್ನು ಜನರ ಮುಂದೆ ಆಡಿದರೆ ಅದು ಸ್ಕ್ರಿಪ್ಟೆಡ್. ನಾಟಕಕ್ಕೆ, ರೇಡಿಯೋ ವಾರ್ತೆಗೆ ಹಾಗೆ ಅಂದರೆ ತಪ್ಪಿಲ್ಲ, ಅವು ಇರುವುದೇ ಹಾಗೆ. ಆದರೆ ಒಂದು ಸಂದರ್ಶನಕ್ಕೆ, ಒಂದು ಕುಸ್ತಿಗೆ, ಟೀವಿಯಲ್ಲಿ ಒಬ್ಬರು ಅತ್ತದ್ದಕ್ಕೆ ಅಂದರೆ ಅದು ಹೀಯಾಳಿಕೆ.

"ಅಂದ್ರ ಬರದು ಹೇಳಿದ್ದು ಖೋಟಾ ಅಂತನ?"

"ಖೋಟಾ ಅಂತಲ್ಲ ವೈನಿ. ಮನಸ್ಸಿನಿಂದ ಬಂದದ್ದಲ್ಲ ಅಂತ."

"ಮದುವಿ ಮಂತ್ರಾನೂ ಬರದಿಟ್ಟದ್ದ ಅಲ್ಲೇನು?"

"ಮಂತ್ರದ ಮಾತು ಬ್ಯಾರೆ."

ಇಂದೂಬಾಯಿ ಮತ್ತೆ ಮೊಬೈಲು ನೋಡಿದರು. "ಕೆಳಗ ನೀನೂ ಇಂಗ್ಲಿಷಿನ್ಯಾಗ ಏನೋ ಬರದೀಯಲ್ಲ?"

"ಥ್ಯಾಂಕ್ಸ್ ಅಂತ ಬರದೀನಿ, ಅಷ್ಟ," ಅಂದಳು ವಸುಧಾ.

ಅವಳು ಬರೆದದ್ದು ಅದಲ್ಲ. 'ಖಂಡಿತ ಇಲ್ಲ, ಆ ಕ್ಷಣಕ್ಕೆ ಹೊಳೆದದ್ದು' ಎಂದು ಬರೆದಿದ್ದಳು. ಇಂದೂಬಾಯಿಗೆ ಇಂಗ್ಲಿಷ್ ಬರುವುದಿಲ್ಲ. ಅವರು ತಲೆಯಾಡಿಸಿ ನಿಂಬೆಹಣ್ಣಿನ ಕಡೆಗೆ ಹೋದರು. ವಸುಧಾ ಪೆನ್ನು ತೆರೆದಳು. ಮುಂದಿನ ಉತ್ತರಪತ್ರಿಕೆಯ ಮೊದಲ ಪುಟವನ್ನು ಮೂರು ಸಲ ಓದಿದರೂ ಏನೂ ತಲೆಗೆ ಹತ್ತಲಿಲ್ಲ.

ಈ ಭಾಗದ ಮನೆಗಳಲ್ಲಿ ಗಂಡನ ಹೆಸರನ್ನು ಹೆಂಡತಿ ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಹತ್ತು ಜನ ಸುತ್ತ ನಿಂತು ಹೇಳು ಹೇಳು ಎಂದು ಕಾಡಿದಾಗ ಎರಡು ಸಾಲೋ ನಾಲ್ಕು ಸಾಲೋ ಕಟ್ಟಿ, ಅದರೊಳಗೆ ಹೆಸರು ಹುದುಗಿಸಿ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಬಹಳ ಜನ ಅಜ್ಜಿಯರ ಕಾಲದ ಸವೆದ ಒಡಪನ್ನೇ ಹೇಳಿ ಪಾರಾಗುತ್ತಾರೆ. ವಸುಧಾ ಹಾಗಲ್ಲ, ಅವಳದು ಪ್ರತಿಸಲವೂ ಹೊಸದು ಎಂದು ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ಬಳಗದಲ್ಲೆಲ್ಲ ಹೆಸರು. ಆ ವಿಡಿಯೋದಲ್ಲಿ ಇದ್ದದ್ದೂ ಅಂಥದ್ದೇ. ಗಂಡ ಪ್ರಲ್ಹಾದ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರ.

"ಇಂಡಿ ನಿಂಬಿಹಣ್ಣಿಗೆ ಹುಳಿ ಹೆಚ್ಚೋ, ಬಣ್ಣ ಹೆಚ್ಚೋ, ನಮ್ಮ ಪ್ರಲ್ಹಾದರಾಯರಿಗೆ ಫೈಲು ಹೆಚ್ಚೋ, ನಾ ಹೆಚ್ಚೋ."

ಅದನ್ನು ಕಟ್ಟಿದ್ದು ಇಂದೂಬಾಯಿ. ಅದೊಂದನ್ನೇ ಅಲ್ಲ, ಎಲ್ಲವನ್ನೂ.

ಇಂದೂಬಾಯಿ ಪ್ರಲ್ಹಾದನ ಅಣ್ಣ ಶ್ರೀನಿವಾಸರಾಯರ ಹೆಂಡತಿ, ವಸುಧಾಗೆ ವೈನಿ. ಅಕ್ಕಲಕೋಟದ ಹುಡುಗಿ, ಮರಾಠಿ ಏಳನೆಯ ತರಗತಿವರೆಗೆ ಓದಿದವರು. ಕನ್ನಡ ಅಕ್ಷರ ಕಲಿಸಿದ್ದು ಗಂಡ. ಆಲಮೇಲದಲ್ಲಿ ಪೋಸ್ಟ್ ಮಾಸ್ತರರಾಗಿದ್ದ ಅವರು ಸಂಜೆ ಮನೆಗೆ ತಂದ ರದ್ದಿ ಫಾರ್ಮುಗಳ ಹಿಂಬದಿಯಲ್ಲಿ ಅಕ್ಷರ ತಿದ್ದಿಸಿದ್ದರು. ಒಂಬತ್ತು ವರ್ಷದ ಹಿಂದೆ ಅವರು ತೀರಿಕೊಂಡರು. ಆಮೇಲೆ ಇಂದೂಬಾಯಿ ಇಂಡಿಗೆ ಮೈದುನನ ಮನೆಗೆ ಬಂದರು. ಗಂಡ ಇಲ್ಲದವರನ್ನು ಯಾರೂ ಹೆಸರು ಹೇಳು ಅನ್ನುವುದಿಲ್ಲ.

ಆರು ವರ್ಷದ ಹಿಂದೆ ಬಾಗೇವಾಡಿಯ ಒಂದು ಮದುವೆಯಲ್ಲಿ ವಸುಧಾ ಹೆಸರು ಹೇಳಲಾಗದೆ ಬೆವರುತ್ತ ನಿಂತಿದ್ದಾಗ, ಹಿಂದೆ ಬಾಗಿಲ ಮರೆಯಿಂದ ಎರಡು ಸಾಲು ಪಿಸುದನಿಯಲ್ಲಿ ಬಂದಿದ್ದವು. ಹೇಳಿದ್ದಳು. ಮಂಟಪವೆಲ್ಲ ನಕ್ಕಿತ್ತು. ಅಂದಿನಿಂದ ಅದೇ ನಡೆದುಬಂದಿತ್ತು. ಕಟ್ಟಿದವರು ನೀವೆಂದು ನಿಮ್ಮ ಹೆಸರು ಹೇಳಲೇನು ಎಂದು ವಸುಧಾ ಒಮ್ಮೆ ಕೇಳಿದ್ದೂ ಉಂಟು. ಹಾಗೆಲ್ಲ ಮಾಡಬೇಡ, ಈ ವಯಸ್ಸಿನಲ್ಲಿ ಇದೇನು ಅಂತಾರೆ ಮಂದಿ ಎಂದು ಇಂದೂಬಾಯಿ ಕೈಯಾಡಿಸಿಬಿಟ್ಟಿದ್ದರು. ವಸುಧಾ ಎರಡನೆಯ ಸಲ ಕೇಳಲಿಲ್ಲ. ಒಮ್ಮೆ ಕೇಳಿದ್ದೇನಲ್ಲ ಎಂಬುದು ಅವಳಿಗೆ ಸಾಕಾಗಿತ್ತು.

ಮರುದಿನ ಸಿಂದಗಿಯಿಂದ ಫೋನು ಬಂತು. ನಾಡಿದ್ದು ಪ್ರಲ್ಹಾದನ ಕಾಕಾನ ಮೊಮ್ಮಗ ಕೌಸ್ತುಭನ ಮದುವೆ. ಫೋನು ಮಾಡಿದ್ದು ಅವನ ತಾಯಿ. ಲಾಡು, ಸೀರೆ, ಗಾಡಿ ಎಲ್ಲ ಮಾತಾಡಿ ಮುಗಿದ ಮೇಲೆ ಆಕೆ ನಗುತ್ತ ಒಂದು ಮಾತು ಹಾಕಿದಳು. ಮುದ್ದೇಬಿಹಾಳದ ಬೀಗರ ಪೈಕಿ ಮಾಲಾ ಅಂತ ಒಬ್ಬರಿದ್ದಾರೆ, ಹುಡುಗಿಯ ಮಾವಶಿ, ತಾಯಿಯ ತಂಗಿ, ಬ್ಯಾಂಕಿನವರು. ನಿನ್ನ ವಿಡಿಯೋ ನೋಡಿದ್ದಾರಂತೆ. ಭೂಮದ ಊಟದಲ್ಲಿ ಎದುರಿಗೇ ಕೂತು ಕೇಳುತ್ತೇವೆ, ಆಗ ಗೊತ್ತಾಗುತ್ತದೆ ಅಂದರಂತೆ.

ಫೋನು ಇಟ್ಟ ಮೇಲೆ ವಸುಧಾ ಅಡುಗೆಮನೆಗೆ ಹೋದಳು. ಈ ಸಲ ನಗಿಸುವಂಥದ್ದು ಬೇಡ, ಪ್ರಾಸ ಕುಣಿಯುವಂಥದ್ದೂ ಬೇಡ, ಕೇಳಿದವರಿಗೆ ಈಗಷ್ಟೇ ಎದೆಯೊಳಗಿಂದ ಎದ್ದು ಬಂತು ಅನ್ನಿಸಬೇಕು ಎಂದಳು. ಅಂಥದ್ದನ್ನು ಒಂದು ದಿನದಲ್ಲಿ ಹೇಗೆ ಕಟ್ಟಲಿ ಎಂದು ಇಂದೂಬಾಯಿ ಕೇಳಿದರು. ಒಲೆಯ ಉರಿ ಸಣ್ಣ ಮಾಡಿ, ಬೆನ್ನು ತಿರುಗಿಸಿಕೊಂಡೇ ಅಂದರು.

"ಒಂದದ. ನಾ ಎಲ್ಲೂ ಹೇಳಿಲ್ಲ ಅದನ್ನ."

ತಮ್ಮ ಟ್ರಂಕಿನಿಂದ ತಂದದ್ದು ಹಳೆಯ ಮನಿ ಆರ್ಡರ್ ಫಾರ್ಮು. ಹಿಂಬದಿಯಲ್ಲಿ ನೀಲಿ ಶಾಯಿಯ ದುಂಡಗಿನ ಅಕ್ಷರ, ಮರಾಠಿಯ ಹಾಗೆ ಮೇಲೆ ಗೆರೆ ಎಳೆದಂತೆ ಒಂದಕ್ಕೊಂದು ತಾಗಿಕೊಂಡಿದ್ದವು.

"ಸಪ್ಪನ ಸಾರಿಗೆ ಸಿಟ್ಟಾಗ್ಲಿಲ್ಲ, ಸುಟ್ಟ ಭಕ್ಕರಿಗೆ ಸಿಡುಕಲಿಲ್ಲ,
ಸಂತಿ ದಿನಾ ಸೇವಂತಿಗಿ ಮರೀಲಿಲ್ಲ, ಸಣ್ಣ ಮಾತು ಆಡಲಿಲ್ಲ,
ಸಂಗಾತ ಏಳು ಹೆಜ್ಜಿ ನಡದು ಸಾಕಾಯ್ತೇನಂತ ಕೇಳಿದ್ರು,
ಸಾಕಾಗಿಲ್ರಿ ಶ್ರೀನಿವಾಸರಾಯರ, ಇನ್ನೇಳು ನಡೀರಿ."

ವಸುಧಾ ಎರಡು ಸಲ ಓದಿದಳು. ಇದು ಯಾವಾಗಿನದು ಎಂದು ಕೇಳಬೇಕಾಗಿತ್ತು. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಮಾಲಾ ಎಂಬಾಕೆಯ ಮುಖ ಹೇಗಾಗಬಹುದು ಎಂಬುದು ಮಾತ್ರ.

"ಇದನ್ನ ನಾ ಹೇಳಿದ್ರ ನಿಮಗೇನೂ ಅನ್ಸಂಗಿಲ್ಲ ಅಲ್ಲ ವೈನಿ?"

"ಇಟ್ಕೊಂಡು ಏನ್ ಮಾಡ್ಲಿ? ಒಮ್ಮೆ ಯಾರದರ ಬಾಯಾಗ ಬರ್ಲಿ." ಇಂದೂಬಾಯಿ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಶ್ರೀನಿವಾಸ ಎಂದಿದ್ದ ಕಡೆ ಮೇಲೆ ಸಣ್ಣದಾಗಿ ಪ್ರಲ್ಹಾದ ಎಂದು ಬರೆದರು. ಶಾಯಿಯ ಹೆಸರನ್ನು ಹೊಡೆದುಹಾಕಲಿಲ್ಲ. "ಆದ್ರ ಹೆಸರು ಸಂಭಾಳಿಸು. ಎಲ್ಲಾ ಸಕಾರದ ಮ್ಯಾಲೆ ನಡೀತದ, ನಾಲಿಗಿ ತಾನ ಆ ಕಡೆ ಹೋಗ್ತದ. ನಿನ್ನ ಕೈಲೆ ಇನ್ನೊಂದು ಹಾಳಿ ಮ್ಯಾಲೆ ಪ್ರಲ್ಹಾದ ಅಂತ ಹಾಕಿ ಬರಕೋ, ಅದನ್ನ ನೋಡಿ ಬಾಯಿಪಾಠ ಮಾಡು. ಇದು ಬ್ಯಾಡ."

ಹೂಂ ಎಂದಳು ವಸುಧಾ. ಆದರೆ ಮೇಜಿನ ಮೇಲೆ ಇನ್ನೂ ಅರವತ್ತೆರಡು ಉತ್ತರಪತ್ರಿಕೆಗಳಿದ್ದವು, ನಾಳೆಯೇ ಒಪ್ಪಿಸಬೇಕಾಗಿತ್ತು. ಮೊಬೈಲಿನಲ್ಲಿ ಆ ಹಾಳೆಯ ಒಂದು ಫೋಟೋ ಹೊಡೆದುಕೊಂಡು, ಫಾರ್ಮನ್ನು ಇಂದೂಬಾಯಿಯ ಕೈಗೆ ವಾಪಸು ಕೊಟ್ಟಳು.

ಮದುವೆಯ ದಿನ ಬೆಳಗಿನ ಏಳು ಗಂಟೆಗೆ ಬಾಡಿಗೆಯ ಟೆಂಪೋ ಇಂಡಿ ಬಿಟ್ಟಿತು. ಹಿಂದಿನ ಸೀಟಿನಲ್ಲಿ ಇಂದೂಬಾಯಿ ತೊಡೆಯ ಮೇಲೆ ಬೆಳ್ಳಿ ಪಾತ್ರೆಗಳ ಗಂಟು ಇಟ್ಟುಕೊಂಡು ನಿದ್ದೆ ಹೋಗಿದ್ದರು. ವೃಂದಾ ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದಳು. ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬರುತ್ತಿದ್ದರಿಂದ ಗಾಡಿ ಮೇಲಿಂದ ಮೇಲೆ ಬ್ರೇಕು ಹಾಕುತ್ತಿತ್ತು. ವಸುಧಾ ಮೊಬೈಲಿನ ಬೆಳಕು ತಗ್ಗಿಸಿ, ತುಟಿ ಮಾತ್ರ ಅಲ್ಲಾಡಿಸುತ್ತ ಒಂದೂವರೆ ತಾಸು ಆ ನಾಲ್ಕು ಸಾಲು ಉರುಹೊಡೆದಳು. ಫೋಟೋದಲ್ಲಿ ಶಾಯಿಯ ಅಕ್ಷರ ಎದ್ದು ಕಾಣುತ್ತಿದ್ದವು. ಪೆನ್ಸಿಲಿನದು ಕಾಣುತ್ತಿರಲಿಲ್ಲ. ಹೆಸರು ಬಂದಾಗಲೆಲ್ಲ ಮನಸ್ಸಿನಲ್ಲೇ ಬದಲಿಸಿಕೊಂಡಳು. ಗಂಡನ ಹೆಸರು ಮರೆತುಹೋಗುತ್ತದೆಯೇ?

ಮದುವೆಯಲ್ಲಿ ನಡೆಯುವ ಊಟಗಳಲ್ಲೆಲ್ಲ ಭೂಮದ ಊಟದ ಗತ್ತೇ ಬೇರೆ. ಮದುಮಕ್ಕಳ ಜೊತೆ ಎರಡೂ ಕಡೆಯ ಹತ್ತಿರದ ದಂಪತಿಗಳು ಎದುರುಬದುರು ಸಾಲಿನಲ್ಲಿ, ರಂಗೋಲಿ ಹಾಕಿದ ಎಲೆಗಳ ಮುಂದೆ ಜೋಡಿಯಾಗಿ ಕೂಡುತ್ತಾರೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಉಂಡಿ ತಿನ್ನಿಸುವ ಮೊದಲು ಹೆಸರು ಹೇಳಬೇಕು. ಹೇಳದಿದ್ದರೆ ಸಾಲು ಮುಂದೆ ಹೋಗುವುದಿಲ್ಲ. ಸಿಂದಗಿಯ ಆ ಮಂಗಲ ಕಾರ್ಯಾಲಯದಲ್ಲಿ ಅಂದು ಕೂತದ್ದು ಹನ್ನೊಂದು ಜೋಡಿ. ಸುತ್ತ ನಿಂತವರು ನೂರು ಜನರ ಮೇಲಿದ್ದರು. ಇಂದೂಬಾಯಿ ಯಾರೂ ಹೇಳುವ ಮೊದಲೇ ಉಗ್ರಾಣಕ್ಕೆ ಹೋಗಿದ್ದರು. ಬಳಗದ ಯಾವ ಮದುವೆಯಾದರೂ ಉಗ್ರಾಣದ ಕೀಲಿ ಅವರ ಸೊಂಟಕ್ಕೇ. ಅದನ್ನು ಎಲ್ಲರೂ ಅವರ ಮೇಲಿನ ವಿಶ್ವಾಸ ಎಂದೇ ಹೇಳುತ್ತಾರೆ.

ಮಾಲಾ ಎದುರಿಗೇ ಇದ್ದರು. ಐವತ್ತರ ಆಸುಪಾಸು, ಚುರುಕು ಕಣ್ಣು, ಗಂಡನ ಪಕ್ಕ ಕೂತು ತಮ್ಮ ಸರದಿ ಬಂದಾಗ ಅಜ್ಜಿಯ ಕಾಲದ ಒಂದು ಒಡಪನ್ನು ಬೇಗ ಬೇಗ ಹೇಳಿ ಮುಗಿಸಿದರು. ನಮ್ಮದೇನು ಹಳೇ ಸರಕು, ಹೊಸದು ಇಂಡಿಯವರ ಹತ್ತಿರ ಇದೆ ಅಂದರು. ಜನ ನಕ್ಕರು.

ವಸುಧಾಳ ಸರದಿ ಬಂತು. ವೃಂದಾ ಮೊಬೈಲು ಎತ್ತಿದಳು. ವಸುಧಾ ಉಂಡಿ ಕೈಗೆ ತೆಗೆದುಕೊಂಡು, ಮೊದಲು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು. ಆಮೇಲೆ ಗಲ್ಲಕ್ಕೆ ಬೆರಳು ಹಚ್ಚಿ, "ಅಯ್ಯ, ಈಗ ಏನ್ ಹೇಳ್ಲಿ?" ಎಂದಳು. ಇದು ಅವಳದೇ ಸ್ವಂತದ್ದು. ಆರು ವರ್ಷದಲ್ಲಿ ಕನ್ನಡಿಯ ಮುಂದೆ ನಿಂತು ಹದ ಮಾಡಿಕೊಂಡದ್ದು. ಎಷ್ಟು ಹೊತ್ತು ತಡೆಯಬೇಕು, ಎಲ್ಲಿ ಗಂಡನ ಕಡೆ ಒಂದು ನೋಟ ಹಾಕಬೇಕು, ಎಲ್ಲವೂ ಗೊತ್ತಿತ್ತು.

ಮೊದಲ ಸಾಲಿಗೇ ಸದ್ದು ಅಡಗಿತು. ಎರಡನೆಯದಕ್ಕೆ ಸೇವಂತಿಗೆ ಬಂದಾಗ ಯಾರೋ ಒಬ್ಬಾಕೆ ಆಹಾ ಅಂದಳು. ಮೂರನೆಯ ಸಾಲು ಮುಗಿಯುವಾಗ ಮಾಲಾರ ಮುಖದ ಮೇಲಿನ ನಗು ಹೋಗಿ, ಆಕೆ ನಿಜಕ್ಕೂ ಕೇಳಿಸಿಕೊಳ್ಳುತ್ತಿದ್ದರು. ವಸುಧಾ ಅದನ್ನು ನೋಡಿದಳು. ನೋಡಿದ ಖುಷಿಯಲ್ಲೇ ನಾಲ್ಕನೆಯ ಸಾಲಿಗೆ ಹೋದಳು.

"ಸಾಕಾಗಿಲ್ರಿ ಶ್ರೀನಿವಾಸರಾಯರ, ಇನ್ನೇಳು ನಡೀರಿ."

ಮುದ್ದೇಬಿಹಾಳದ ಕಡೆಯ ಕೆಲವರು ಚಪ್ಪಾಳೆ ತಟ್ಟಿದರು. ಇಂಡಿ ಸಿಂದಗಿಯವರು ತಟ್ಟಲಿಲ್ಲ. ಆ ಮೌನ ತಾಗಿ ಚಪ್ಪಾಳೆಯೂ ನಿಂತಿತು. ಪ್ರಲ್ಹಾದ ಬಾಯಿ ತೆರೆದು ಉಂಡಿಗೆ ಕಾದಿದ್ದವನು ಬಾಯಿ ಮುಚ್ಚಿದ. ಅಣ್ಣನ ಚಿತೆಗೆ ಬೆಂಕಿ ಇಟ್ಟವನು ಅವನು. ತಾನು ಏನಂದೆ ಎಂದು ವಸುಧಾಗೆ ಗೊತ್ತಾದದ್ದು ಅವನ ಮುಖ ನೋಡಿದ ಮೇಲೆಯೇ.

ಹುಡುಗಿಯ ಅಜ್ಜಿ, ಮಾಲಾರ ತಾಯಿ, ಗೋಡೆಯ ಪಕ್ಕ ಕುರ್ಚಿಯ ಮೇಲೆ ಕೂತಿದ್ದರು. ಅವರೂ ಸಾಲಿನಲ್ಲಿ ಕೂಡುವವರಲ್ಲ. ಯಾರ ಹೆಸರು ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡು, "ಇರ್ಲಿ, ಬಾಯಿ ತಪ್ಪಿತು. ಇನ್ನೊಮ್ಮೆ ಹೇಳಿಬಿಡು ತಂಗಿ," ಅಂದರು.

ಅಷ್ಟಕ್ಕೇ ಮುಗಿಯಬಹುದಿತ್ತು. ಮಾಲಾ ಬಿಡಲಿಲ್ಲ.

"ಅವ್ವ, ಇನ್ನೊಮ್ಮೆ ಹೆಂಗ ಹೇಳ್ತಾರ? ಆ ಕ್ಷಣಕ್ಕ ಹೊಳದದ್ದಲ್ಲೇನು ಅದು?" ಆಮೇಲೆ ವಸುಧಾಳ ಕಡೆ ತಿರುಗಿ, "ಯಾರ ಸ್ಕ್ರಿಪ್ಟ್ ಬಂತ್ರಿ ಮೇಡಂ ಕೈಗೆ?" ಎಂದರು.

ಈಗ ಎಲ್ಲರೂ ನಕ್ಕರು. ಇಂಡಿಯವರೂ ನಕ್ಕರು. ಬಹಳ ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟ ಹಾಗೆ ಇತ್ತು ಆ ನಗು. ವಸುಧಾ ಸುಮ್ಮನಿದ್ದದ್ದು ಒಂಬತ್ತು ಸೆಕೆಂಡು; ಮುಂದೆ ಒಂದು ದಿನ ವೃಂದಾಳ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದಳು. ಹೌದು, ತಪ್ಪಿತು ಎಂದು ನಕ್ಕುಬಿಡುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

"ನಂದಲ್ರಿ ಅದು," ಎಂದಳು. "ನಮ್ಮ ವೈನಿ ಬರದು ಕೊಟ್ಟದ್ದು. ತಮ್ಮ ಯಜಮಾನ್ರ ಹೆಸರ ಹಾಕಿ ಕೊಟ್ಟಾರ. ಹೆಸರು ತಿದ್ದೇ ಇಲ್ಲ ಅವರು."

ನಗು ನಿಂತಿತು. ಎಲ್ಲರ ಮುಖ ಉಗ್ರಾಣದ ಬಾಗಿಲ ಕಡೆ ತಿರುಗಿತು. ಇಂದೂಬಾಯಿ ಅಲ್ಲಿ ನಿಂತಿದ್ದರು. ಯಾವಾಗ ಬಂದರೋ. ಪ್ರತಿಸಲವೂ ಹೆಸರು ಹೇಳುವಾಗ ಅವರು ಬಾಗಿಲ ತನಕ ಬಂದು ನಿಲ್ಲುತ್ತಾರೆ ಎಂಬುದು ವಸುಧಾಗೆ ತಿಳಿಯದ ಸಂಗತಿಯೇನಲ್ಲ.

ಒಂಬತ್ತು ವರ್ಷ ಆತಲ್ಲ, ಇನ್ನೂ ಬರೀತಾರೇನು ಎಂದು ಹಿಂದಿನಿಂದ ಒಂದು ದನಿ ಕೇಳಿತು. ಪಾಪ ಎಂದು ಇನ್ನೊಂದು. ಯಾರೋ ಲೊಚಗುಟ್ಟಿದರು.

"ಹೌದ್ರಿ, ನಾನ ಬರದದ್ದು," ಎಂದರು ಇಂದೂಬಾಯಿ. ದನಿ ಎತ್ತರದ್ದೂ ಅಲ್ಲ, ತಗ್ಗಿನದ್ದೂ ಅಲ್ಲ. "ಹೆಸರು ತಿದ್ದೂದು ಮರತೆ. ಆಕಿದೇನೂ ತಪ್ಪಿಲ್ಲ." ಆಮೇಲೆ ಬಡಿಸುವವನ ಕಡೆ ನೋಡಿ, ಉಂಡಿ ಇನ್ನೊಂದು ಬುಟ್ಟಿ ಬೇಕೇನು ಎಂದು ಕೇಳಿದರು. ಬೇಕು ಅಂದ. ಒಳಗೆ ಹೋದರು.

ವಸುಧಾ ಇನ್ನೊಮ್ಮೆ ಹೇಳಲಿಲ್ಲ. ಪ್ರಲ್ಹಾದರಾಯರು ಎಂದಷ್ಟೇ ಅಂದಳು. ಸಾಲು ಮುಂದೆ ಹೋಯಿತು. ಮುಂದಿನ ಜೋಡಿಯ ಗಂಡಸು ತನ್ನ ಹೆಂಡತಿಗೆ ಚೀಟಿ ನೋಡಿ ಹೇಳೇ ಎಂದು ಚೇಷ್ಟೆ ಮಾಡಿದ, ಜನ ನಕ್ಕರು. ಎಲೆಯ ಮೇಲೆ ಒಂದಾದ ಮೇಲೊಂದು ಬೀಳುತ್ತಿದ್ದ ಪದಾರ್ಥಗಳನ್ನು ವಸುಧಾ ಎಣಿಸುತ್ತ ಕೂತಳು. ಮಾಲಾ ಒಮ್ಮೆ ಅವಳ ಕಡೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ಗೆದ್ದವರ ಮುಖ ಅದಾಗಿರಲಿಲ್ಲ. ಮುಟ್ಟಬಾರದ್ದನ್ನು ಮುಟ್ಟಿದವರ ಮುಖದ ಹಾಗಿತ್ತು.

ಕೈ ತೊಳೆಯುವಲ್ಲಿ ಪ್ರಲ್ಹಾದ ಹತ್ತಿರ ಬಂದು, ಆ ಬರೆದದ್ದು ಇದೆಯೇನು ತೋರಿಸು ಎಂದ. ವಸುಧಾ ಮೊಬೈಲು ಕೊಟ್ಟಳು. ಅವನು ಕನ್ನಡಕ ಹಣೆಗೇರಿಸಿ ನಿಧಾನ ಓದಿದ. ಕಚೇರಿಯಲ್ಲಿ ಅರ್ಜಿ ಓದುವ ಹಾಗೆಯೇ ಓದಿದ.

"ಇದು ಅಣ್ಣನ ಅರವತ್ತರ ಶಾಂತಿಗೆ ಬರದದ್ದು," ಎಂದ. "ಮುಹೂರ್ತ ಸುದ್ದಾ ತಗಿಸಿದ್ವಿ. ನಾಲ್ಕು ತಿಂಗಳು ಮೊದಲ ಹೋದ." ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸಿದ. ಕೊನೆಯ ಸಾಲಿನ ಮೇಲೆ, ಮಸುಕಾಗಿ, ಪೆನ್ಸಿಲಿನ ಅಕ್ಷರ ಎದ್ದವು.

"ಹೆಸರು ತಿದ್ದ್ಯಾರಲ್ಲ ವೈನಿ," ಎಂದ.

ಮೊಬೈಲು ಅವಳ ಕೈಗಿಟ್ಟು ಗಂಡಸರಿದ್ದ ಕಡೆ ಹೋದ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ನಲ್ಲಿಯ ನೀರು ಹರಿಯುತ್ತಲೇ ಇತ್ತು. ಹಿಂದಿನಿಂದ ಯಾರೋ ಬಂದ್ ಮಾಡ್ರಿ ಅಂದ ಮೇಲೆ ವಸುಧಾ ತಿರುವಿದಳು.

ಮೂರು ಗಂಟೆಯ ಹೊತ್ತಿಗೆ ಕೊನೆಯ ಪಂಕ್ತಿಯೂ ಎದ್ದಿತು. ಇಂದೂಬಾಯಿ ಇನ್ನೂ ಉಂಡಿರಲಿಲ್ಲ. ವಸುಧಾ ಒಂದು ತಾಟಿನಲ್ಲಿ ಅನ್ನ, ತೊವ್ವೆ, ಎರಡು ಪಲ್ಯ ಬಡಿಸಿಕೊಂಡು ಉಗ್ರಾಣದ ಕಡೆ ನಡೆದಳು. ಏನು ಹೇಳಬೇಕು ಎಂದು ದಾರಿಯಲ್ಲಿ ಎರಡು ವಾಕ್ಯ ಜೋಡಿಸಿಕೊಂಡಳು. ಜೋಡಿಸುತ್ತಿದ್ದೇನೆ ಎಂದು ಗೊತ್ತಾಗಿ ಕಾಲು ನಿಧಾನವಾದವು.

ಬಾಗಿಲು ಅರೆ ತೆರೆದಿತ್ತು. ಒಳಗೆ ಹುಡುಗಿಯ ಅಜ್ಜಿಯ ದನಿ ಕೇಳಿತು. ಅವರು ಸಕ್ಕರೆ ಚೀಲದ ಮೇಲೆ ಕೂತಿದ್ದರು. ಇಂದೂಬಾಯಿ ನೆಲದ ಮೇಲೆ ಕೂತು ಬೀಗರಿಗೆ ಕೊಡುವ ತಾಂಬೂಲದ ಚೀಲ ಕಟ್ಟುತ್ತಿದ್ದರು. ನನಗೆ ಕಿವಿ ಮಂದ, ಅಲ್ಲಿ ಸರಿಯಾಗಿ ಕೇಳಲಿಲ್ಲ ಎನ್ನುತ್ತಿದ್ದರು ಅಜ್ಜಿ.

"ಇಲ್ಲಿ ನಾವಿಬ್ರ ಅದೀವಿ. ನಿನ್ನ ಬಾಯಿಲೆ ಒಮ್ಮೆ ಹೇಳು. ನಿಮ್ಮ ರಾಯರ ಹೆಸರ್ಲೇ ಹೇಳು."

ಇಂದೂಬಾಯಿ ಕೈಯಲ್ಲಿದ್ದ ಚೀಲಕ್ಕೆ ಗಂಟು ಹಾಕಿ ಪಕ್ಕಕ್ಕಿಟ್ಟರು.

"ಹೇಳಿ ಮುಗೀತಲ್ರಿ," ಎಂದರು. "ಅಷ್ಟು ಮಂದಿ ಕೇಳಿದ್ರು."

ಅಜ್ಜಿ ಒತ್ತಾಯ ಮಾಡಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ಬಾಗಿಲಿಗೆ ಬಂದರು, ತಾಟು ಹಿಡಿದು ನಿಂತವಳನ್ನು ನೋಡಿದರು, ದಾಟಿ ಹೋದರು.

ವಸುಧಾ ಒಳಗೆ ಹೋಗಿ ತಾಟನ್ನು ನೆಲದ ಮೇಲಿಟ್ಟಳು. "ವೈನಿ," ಎಂದಳು. "ನಾ ಅಲ್ಲಿ..."

"ನೀ ಉಂಡೀ ಏನು?" ಎಂದರು ಇಂದೂಬಾಯಿ.

"ಉಂಡೆ."

"ಹಂಗಾದ್ರ ಕೂಡು. ಬೀಗರು ನಾಲ್ಕಕ್ಕ ಹೊಂಡ್ತಾರಂತ. ಇನ್ನೂ ನೂರಾ ಇಪ್ಪತ್ತು ಕಟ್ಟೂದದ."

ವಸುಧಾ ಕೂತಳು. ಇಂದೂಬಾಯಿ ಕಾಯಿಯ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದರು. ಒಂದು ಕಾಯಿ, ಐದು ಎಲೆ, ಎರಡು ಅಡಿಕೆ, ಒಂದು ಉಂಡಿಯ ಪೊಟ್ಟಣ. ಆಮೇಲೆ ದಾರ ಎಳೆದು ಗಂಟು. ಇಬ್ಬರೂ ಕಟ್ಟತೊಡಗಿದರು. ಹೊರಗೆ ಮಂಟಪದವರು ಕಂಬ ಬಿಚ್ಚುತ್ತಿದ್ದ ಸದ್ದು ಕೇಳುತ್ತಿತ್ತು. ತಾಟಿನಲ್ಲಿ ತೊವ್ವೆಯ ಮೇಲೆ ತುಪ್ಪ ಬಿಳಿಯಾಗುತ್ತಿತ್ತು.

ವಸುಧಾ ಮೊದಲನೆಯ ಚೀಲ ಕಟ್ಟಿ ರಾಶಿಯ ಮೇಲಿಟ್ಟಳು. ಎರಡನೆಯದನ್ನೂ ಇಟ್ಟಳು. ಮೂರನೆಯದಕ್ಕೆ ಎಲೆ ಎಣಿಸುತ್ತಿದ್ದಾಗ ಇಂದೂಬಾಯಿ ಕೈ ಚಾಚಿ, ಅವಳು ಕಟ್ಟಿಟ್ಟ ಎರಡನ್ನೂ ತೆಗೆದುಕೊಂಡರು. ಒಂದೊಂದಾಗಿ ದಾರ ಬಿಚ್ಚಿ ಒಳಗೆ ನೋಡಿದರು. ಎಲ್ಲ ಸರಿಯಾಗಿತ್ತು. ಮತ್ತೆ ಗಂಟು ಹಾಕಿ ರಾಶಿಗೆ ಸೇರಿಸಿದರು, ಮೂರನೆಯದಕ್ಕೆ ಕೈ ಚಾಚಿ ಕಾದರು.